ಇಂಜಿನ್ ಕುದಿಯುವುದು ಯಾವಾಗ?

ಮುಂಗಾರು ಹದಕ್ಕೆ ಬಂದು ಸೊರಬ, ಶಿಕಾರಿಪುರದ ಗದ್ದೆಗಳಲ್ಲಿ ನೀರು ನಿಂತಿತೆಂದರೆ ಗ್ಯಾರೇಜುಗಳಲ್ಲಿ ಒಂದು ದೂರು ಕೇಳಿಬರತೊಡಗುತ್ತದೆ: ‘ಇಂಜಿನ್ ಹೀಟ್ ಆಗ್ತಿದೆ.’ ಟಿಲ್ಲರ್ ಆಗಲಿ, ಕೇಜ್ ವೀಲ್ ತೊಟ್ಟ ಟ್ರ್ಯಾಕ್ಟರ್ ಆಗಲಿ, ತೋಟಕ್ಕೆ ಗೊಬ್ಬರ ಸಾಗಿಸುವ ಹಳೆಯ ಜೀಪ್ ಆಗಲಿ, ಮಾತು ಅದೇ. ಮುಂದೆ ಸುಗ್ಗಿಯಲ್ಲಿ, ಕಣದಲ್ಲಿ ಮೆಕ್ಕೆಜೋಳ ಬಿಡಿಸುವ ಯಂತ್ರ ಓಡುವ ದಿನಗಳಲ್ಲಿ, ಅದೇ ದೂರು ಇನ್ನೊಮ್ಮೆ. ಒಂದು ಸುರಿಮಳೆಯ ಕಾಲ, ಇನ್ನೊಂದು ಚಳಿಗಾಲ. ಹೊರಗಿನ ಬಿಸಿಲೇ ಕಾರಣವಾಗಿದ್ದರೆ ಏಪ್ರಿಲ್‌ನಲ್ಲಿ ಮಾತ್ರ ಕುದಿಯಬೇಕಿತ್ತು. ಹಾಗಾಗುವುದಿಲ್ಲ ಎಂಬುದರಲ್ಲೇ ಈ ತೊಂದರೆಯ ಅರ್ಧ ಉತ್ತರವಿದೆ.

ಈ ದೂರು ಬರುವ ಯಂತ್ರಗಳೆಲ್ಲ ಎಂಥ ನೆಲದಲ್ಲೂ ಓಡಬೇಕಾದಂಥವು. ಅಂಥ ವಾಹನ ಎಂದರೆ ಪೇಟೆಯವರಿಗೆ ನೆನಪಾಗುವುದು ಕೊಡಗು, ಚಿಕ್ಕಮಗಳೂರಿನ ರೆಸಾರ್ಟುಗಳಲ್ಲಿ ಪ್ರವಾಸಿಗರು ಓಡಿಸುವ ದಪ್ಪ ಟೈರಿನ ಎಟಿವಿ. ಹೋಂಡಾ ಕಂಪನಿ 1970ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಿಟ್ಟ ಮೂರು ಚಕ್ರದ ಯುಎಸ್90ರಿಂದ ಆ ಜಾತಿಯ ವಾಹನ ಬೆಳೆಯಿತು. ನಾಲ್ಕು ಚಕ್ರದ್ದು ಬಂದದ್ದು 1980ರ ದಶಕದಲ್ಲಿ. ನಮ್ಮ ಸೀಮೆಯಲ್ಲಿ ಆ ಕೆಲಸವನ್ನು ಅದಕ್ಕೂ ಮೊದಲೇ ಬೇರೆ ಯಂತ್ರಗಳು ಹೊತ್ತುಕೊಂಡಿದ್ದವು. 1947ರಲ್ಲಿ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪ್ ಜೋಡಿಸಲು ತೊಡಗಿತು. 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಬೆಂಗಳೂರಿನಲ್ಲಿ ವಿಎಸ್‌ಟಿ ಟಿಲ್ಲರ್ಸ್ ಶುರುವಾಯಿತು. 1973ರಲ್ಲಿ ಕೇರಳ ಸರ್ಕಾರದ ಕ್ಯಾಮ್ಕೊ, ಕುಬೋಟಾ ಕಂಪನಿಯ ತಂತ್ರಜ್ಞಾನದೊಂದಿಗೆ ಬಂತು. ಹನ್ನೆರಡು, ಹದಿಮೂರು ಅಶ್ವಶಕ್ತಿಯ, ಒಂದೇ ಸಿಲಿಂಡರಿನ ಈ ಟಿಲ್ಲರ್‌ಗಳು ಮಲೆನಾಡಿನ ಸಣ್ಣ ಸಣ್ಣ ಗದ್ದೆ ಕೋಗುಗಳಿಗೆ ಹೇಳಿ ಮಾಡಿಸಿದಂತಿದ್ದವು. ಸೊರಬದ ಹೊಸಬಾಳೆಯಂಥ ಊರಿನಲ್ಲಿ ಒಂದೇ ಯಂತ್ರ ಬೆಳಗ್ಗೆ ರೊಜ್ಜಿನಲ್ಲಿ ಹೂಡುತ್ತದೆ, ಮಧ್ಯಾಹ್ನ ಟ್ರೇಲರ್ ಕಟ್ಟಿಕೊಂಡು ಕೆಮ್ಮಣ್ಣಿನ ದಾರಿಯಲ್ಲಿ ಏರು ಹತ್ತುತ್ತದೆ, ಸಂಜೆ ತೋಟದ ದರಕಿನ ಮೇಲೆ ನಿಲ್ಲುತ್ತದೆ. ಎಟಿವಿಗೆ ಬರುವ ಕಷ್ಟಗಳೆಲ್ಲ ಇದಕ್ಕೂ ಬರುತ್ತವೆ. ಕೆಲಸದ ಗಂಟೆ ಮಾತ್ರ ಬಹಳ ಹೆಚ್ಚು.

ಮೊದಲು ಶಾಖದ ಲೆಕ್ಕ ನೋಡೋಣ. ಡೀಸೆಲ್ ಇಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಚಕ್ರಕ್ಕೋ ರೊಟವೇಟರಿಗೋ ಸಿಗುವುದು ಸುಮಾರು ಮೂರನೇ ಒಂದು ಪಾಲು. ಇನ್ನೊಂದು ಪಾಲು ಸೈಲೆನ್ಸರಿನಲ್ಲಿ ಹೊಗೆಯೊಂದಿಗೆ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲನ್ನು ನೀರು ಹೊತ್ತು ತಂದು ರೇಡಿಯೇಟರಿನ ಮೂಲಕ ಗಾಳಿಗೆ ಬಿಡಬೇಕು. 45 ಅಶ್ವಶಕ್ತಿಯ ಟ್ರ್ಯಾಕ್ಟರ್ ಪೂರ್ತಿ ಭಾರದಲ್ಲಿ ದುಡಿಯುವಾಗ ಹೀಗೆ ಹೊರಹಾಕಬೇಕಾದ ಶಾಖ 25ರಿಂದ 30 ಕಿಲೋವ್ಯಾಟ್. ಬಚ್ಚಲುಮನೆಯ 3 ಕಿಲೋವ್ಯಾಟಿನ ಎಂಟು ಹತ್ತು ಗೀಸರುಗಳನ್ನು ಒಟ್ಟಿಗೆ ಹಾಕಿದಷ್ಟು. ಇಷ್ಟು ಶಾಖ ಎರಡಡಿ ಅಗಲದ ಒಂದು ಜಾಲರಿಯಿಂದ, ಬಿಡುವಿಲ್ಲದೆ, ಗಂಟೆಗಟ್ಟಲೆ ಹೊರಗೆ ಹೋಗುತ್ತಿರಬೇಕು. ರಸ್ತೆಯಲ್ಲಿ ಓಡುವ ಕಾರಿಗೆ ಎದುರುಗಾಳಿಯ ನೆರವುಂಟು. ಗದ್ದೆಯಲ್ಲಿ ಗಂಟೆಗೆ ಎರಡು ಮೂರು ಕಿಲೋಮೀಟರ್ ವೇಗದಲ್ಲಿ ತೆವಳುವ ಯಂತ್ರಕ್ಕೆ ಫ್ಯಾನ್ ಬಿಟ್ಟರೆ ಬೇರೆ ಗತಿಯಿಲ್ಲ.

ಆದ್ದರಿಂದ ನಾನು ಬಲವಾಗಿ ಹೇಳಬೇಕೆಂದಿರುವುದು ಇಷ್ಟು: ಇಂಜಿನ್ ಕುದಿಯಿತು ಎಂದ ಕೂಡಲೇ ಹೆಡ್ ಬಿಚ್ಚಬೇಡಿ. ‘ಏಕೆ’ ಎಂದು ಕೇಳುವ ಮೊದಲು ‘ಯಾವಾಗ’ ಎಂದು ಕೇಳಿ. ನಿಂತಲ್ಲೇ ಓಡುವಾಗ ಮುಳ್ಳು ಮೇಲೇರಿ, ರಸ್ತೆಯಲ್ಲಿ ಓಡಿಸಿದಾಗ ಇಳಿದರೆ, ಗಾಳಿ ಸಾಲುತ್ತಿಲ್ಲ. ಫ್ಯಾನ್, ಬೆಲ್ಟ್, ಫ್ಯಾನಿನ ಸುತ್ತಲ ಕವಚ, ಈ ಮೂರನ್ನು ನೋಡಬೇಕು. ಬರಿದೇ ಓಡುವಾಗ ಸರಿಯಿದ್ದು ರೊಟವೇಟರ್ ನೆಲಕ್ಕಿಳಿಸಿದ ಮೇಲೆ ಏರಿದರೆ, ಶಾಖ ಹೊರಹಾಕುವ ಸಾಮರ್ಥ್ಯ ಕುಗ್ಗಿದೆ, ಇಲ್ಲವೆ ಭಾರ ಮಿತಿಮೀರಿದೆ. ಬೆಳಗ್ಗೆ ತಣ್ಣನೆಯ ಇಂಜಿನ್ ಹತ್ತು ನಿಮಿಷದೊಳಗೆ ಕುದಿದರೆ ನೀರು ಕಡಿಮೆಯಾಗಿದೆ, ಥರ್ಮೋಸ್ಟ್ಯಾಟ್ ಮುಚ್ಚಿಕೊಂಡಿದೆ, ಗಾಳಿ ಸಿಕ್ಕಿಕೊಂಡಿದೆ, ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ. ಕಳೆದ ವರ್ಷಕ್ಕಿಂತ ಈ ವರ್ಷ, ಹೋದ ತಿಂಗಳಿಗಿಂತ ಈ ತಿಂಗಳು ಸ್ವಲ್ಪ ಸ್ವಲ್ಪವೇ ಏರುತ್ತಿದ್ದರೆ ಒಳಗೆ ಪಾಚು ಕಟ್ಟುತ್ತಿದೆ. ಯಂತ್ರ ಓಡಿಸುವವರು ಈ ನಾಲ್ಕರಲ್ಲಿ ಯಾವುದು ಎಂದು ಹೇಳಿಬಿಟ್ಟರೆ ಮೆಕ್ಯಾನಿಕ್ಕಿನ ಕೆಲಸ ಅರ್ಧ ಮುಗಿಯಿತು.

ಈ ಸೀಮೆಯ ಮಟ್ಟಿಗೆ ನಾನು ಮೊದಲು ಅನುಮಾನಿಸುವುದು ಗಾಳಿಯ ದಾರಿಯನ್ನು. ಗದ್ದೆಯಲ್ಲಿ ಕೇಜ್ ವೀಲ್ ಎರಚುವ ರೊಜ್ಜು ರೇಡಿಯೇಟರಿನ ತೆಳು ತಗಡುಗಳ ಮೇಲೆ ಬೀಳುತ್ತದೆ. ಒಳಗಿನ ಬಿಸಿಗೆ ಅಲ್ಲೇ ಒಣಗುತ್ತದೆ. ಮರುದಿನ ಅದರ ಮೇಲೆ ಇನ್ನೊಂದು ಪದರ. ಕಬ್ಬಿಣದ ಅಂಶ ತುಂಬಿದ ನಮ್ಮ ಕೆಮ್ಮಣ್ಣು ಒಮ್ಮೆ ಒಣಗಿ ಗಟ್ಟಿಯಾದರೆ ಬ್ರಷ್ಷಿಗೂ ಬಗ್ಗುವುದಿಲ್ಲ. ಹಸಿ ಇರುವಾಗಲೇ, ಅದೇ ಸಂಜೆ, ಇಂಜಿನ್ ತಣಿದ ಮೇಲೆ ತೊಳೆದರೆ ಒಂದೆರಡು ಕೊಡ ನೀರಿನಲ್ಲಿ ಹೋಗುತ್ತದೆ. ತೊಳೆಯುವ ದಿಕ್ಕು ಮುಖ್ಯ: ಫ್ಯಾನ್ ಇರುವ ಒಳಬದಿಯಿಂದ ಹೊರಕ್ಕೆ, ಗಾಳಿ ಬಂದ ದಾರಿಗೆ ಎದುರಾಗಿ. ಮುಂದಿನಿಂದ ನೀರು ಹೊಡೆದರೆ ಕೆಸರು ಇನ್ನಷ್ಟು ಒಳಕ್ಕೆ ಹೋಗಿ ಕೂರುತ್ತದೆ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ನನ್ನು ಹತ್ತಿರ ಹಿಡಿದರೆ ತಗಡುಗಳೇ ಮಡಚಿಕೊಳ್ಳುತ್ತವೆ. ಹೊರಗೆ ಫಳಫಳ, ಒಳಗೆ ಗಾಳಿಗೆ ದಾರಿಯಿಲ್ಲ. ಆಯಿಲ್ ಸೋರಿ ಅದರ ಮೇಲೆ ಧೂಳು ಕೂತಿದ್ದರೆ ಬರಿಯ ನೀರು ಸಾಲದು, ಸೋಪಿನ ನೀರು ಬೇಕು. ಪೆಟ್ರೋಲ್ ಹಾಕಿ ತೊಳೆಯುವವರಿಗೆ ಬೆಂಕಿಯ ಭಯವನ್ನು ನೆನಪಿಸಬೇಕಾಗುತ್ತದೆ.

ಕಣದ ಕಥೆ ಬೇರೆ. ಸೊರಬದ ಕಡೆಯಿಂದ ಶಿಕಾರಿಪುರ ದಾಟಿ ಮೂಡಲಿಗೆ ಹೋದಂತೆ ಮಲೆನಾಡು ಬಯಲಿಗೆ ತಿರುಗುತ್ತದೆ; ಭತ್ತದ ಜೊತೆಗೆ ಮೆಕ್ಕೆಜೋಳ ಹೆಚ್ಚುತ್ತದೆ. ಅಲ್ಲಿ ಟ್ರ್ಯಾಕ್ಟರ್ ಒಂದೇ ಕಡೆ ನಿಂತು, ಹಿಂದಿನ ಪಿಟಿಒ ಶಾಫ್ಟಿನಿಂದ ಯಂತ್ರ ತಿರುಗಿಸುತ್ತದೆ. ಸುತ್ತ ಹೊಟ್ಟು, ಸಿಪ್ಪೆಯ ಚೂರು, ಕೂದಲಿನಂಥ ನಾರು. ಫ್ಯಾನ್ ಅದನ್ನೆಲ್ಲ ಎಳೆದು ರೇಡಿಯೇಟರಿಗೆ ಮೆತ್ತುತ್ತದೆ. ಒಂದೆರಡು ಗಂಟೆಯಲ್ಲಿ ಮುಖ ಪೂರ್ತಿ ಮುಚ್ಚಿಹೋಗಬಹುದು. ಇದಕ್ಕೆ ಗ್ಯಾರೇಜಿನ ಮದ್ದು ಬೇಕಿಲ್ಲ. ಹೊಟ್ಟು ಹಾರುವ ದಿಕ್ಕಿಗೆ ಮುಖ ಮಾಡಿ ಟ್ರ್ಯಾಕ್ಟರ್ ನಿಲ್ಲಿಸದೆ, ಗಾಳಿ ಬರುವ ಕಡೆಗೆ ನಿಲ್ಲಿಸಬೇಕು. ಮುಂದಿನ ಜಾಲರಿಯನ್ನು ಗಂಟೆಗೊಮ್ಮೆ, ಇಂಜಿನ್ ನಿಲ್ಲಿಸಿ, ಬಿಚ್ಚಿ ಕೊಡವಬೇಕು. ಸೊಳ್ಳೆ ಪರದೆಯ ಬಟ್ಟೆ ಕಟ್ಟಿ ಮರೆತುಬಿಡುವ ಪದ್ಧತಿಯನ್ನು ನಾನು ಒಪ್ಪಲಾರೆ: ಹೊಟ್ಟು ತಡೆಯುತ್ತದೆ ನಿಜ, ಆದರೆ ತುಂಬಿಕೊಂಡ ಮೇಲೆ ಗಾಳಿಯನ್ನೂ ತಡೆಯುತ್ತದೆ. ಮುಂದೆ ದೊಡ್ಡ ಬೋರ್ಡು, ಸಾಲು ಹಾರ್ನು, ಹೂಮಾಲೆ ಇವೂ ಅದೇ ಕೆಲಸ ಮಾಡುತ್ತವೆ.

ಗಾಳಿಯ ದಾರಿ ಚೊಕ್ಕಟವಾಗಿದ್ದೂ ಕುದಿದರೆ ಬೆಲ್ಟ್ ನೋಡಿ. ಹೆಬ್ಬೆರಳಿನಿಂದ ಒತ್ತಿದರೆ ಸಾಮಾನ್ಯವಾಗಿ 10ರಿಂದ 15 ಮಿಲಿಮೀಟರ್ ತಗ್ಗಬೇಕು; ನಿಮ್ಮ ಯಂತ್ರದ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಬೆಲ್ಟಿನ ಒಳಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ ಎಂದೇ ಅರ್ಥ. ಒದ್ದೆಯಾದ ಬೆಲ್ಟ್ ಇನ್ನೂ ಜಾರುತ್ತದೆ.

ಮುಂದಿನದು ನೀರು. ಹಳೆಯ ಮಾದರಿಯ ಹಲವು ಟಿಲ್ಲರ್‌ಗಳಲ್ಲಿ ನೀರಿನ ಪಂಪೇ ಇಲ್ಲ. ಬಿಸಿ ನೀರು ಹಗುರಾಗಿ ಮೇಲೇರಿ, ರೇಡಿಯೇಟರಿನಲ್ಲಿ ತಣಿದು, ತಾನಾಗಿ ಕೆಳಗಿಳಿದು ಸುತ್ತುತ್ತದೆ. ಈ ಏರ್ಪಾಡಿಗೆ ಮುರಿಯುವ ಭಾಗ ಕಡಿಮೆ, ಆದರೆ ಒಂದು ಶರತ್ತಿದೆ: ನೀರಿನ ಮಟ್ಟ ಮೇಲಿನ ಪೈಪಿನ ಬಾಯಿಗಿಂತ ಕೆಳಗಿಳಿದರೆ ಸುತ್ತು ನಿಂತೇಹೋಗುತ್ತದೆ. ಅರ್ಧ ರೇಡಿಯೇಟರ್ ನೀರಿದೆ ಎಂದು ನೆಮ್ಮದಿಯಾಗಿದ್ದವರ ಇಂಜಿನ್ ಕೆಟ್ಟಿರುವುದು ಹೀಗೆಯೇ. ಪಂಪ್ ಇರುವ ಟ್ರ್ಯಾಕ್ಟರ್, ಜೀಪುಗಳಲ್ಲಿ ಪಂಪಿನ ಅಡಿಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಅಲ್ಲಿಂದ ನೀರು ತೊಟ್ಟಿಕ್ಕಿದರೆ ಒಳಗಿನ ಸೀಲ್ ಸವೆದಿದೆ ಎಂದು ತಯಾರಕರೇ ಇಟ್ಟ ಸೂಚನೆ ಅದು. ಎಂ-ಸೀಲ್ ಮೆತ್ತಿ ಮುಚ್ಚಿದರೆ ನೀರು ಬೇರಿಂಗಿಗೆ ನುಗ್ಗುತ್ತದೆ.

ಯಾವ ನೀರು ಎಂಬ ಪ್ರಶ್ನೆಗೆ ನಮ್ಮಲ್ಲಿ ಇನ್ನೂ ಸಿಗುವ ಉತ್ತರ ‘ಹಳ್ಳದ ನೀರು, ಬೋರ್ ನೀರು, ಯಾವುದಾದರೂ ಆದೀತು’ ಎಂಬುದು. ಆಗದು. ಬೋರ್‌ವೆಲ್ ನೀರಿನ ಸುಣ್ಣದ ಅಂಶ ಕಾದ ಲೋಹದ ಮೇಲೆ ಪಾಚಾಗಿ ಕೂರುತ್ತದೆ. ಆ ಪಾಚು ಎರಕದ ಕಬ್ಬಿಣದ ಹತ್ತನೇ ಒಂದು ಪಾಲಿನಷ್ಟೂ ಶಾಖ ಸಾಗಿಸುವುದಿಲ್ಲ. ಗದ್ದೆಯ ನೀರಿನಲ್ಲಿ ಮಣ್ಣಿದೆ, ಅದು ರೇಡಿಯೇಟರಿನ ಸಪೂರ ಕೊಳವೆಗಳ ತಳದಲ್ಲಿ ಗಸಿಯಾಗುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಸರಿಪಾಲು ಬೆರೆಸಿ ಹಾಕುವುದು ಒಳ್ಳೆಯದು. ನಮ್ಮ ಹವೆಯಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವಲ್ಲ, ಕೂಲೆಂಟ್ ಏಕೆ ಎಂದು ಕೇಳುವವರಿದ್ದಾರೆ. ತುಕ್ಕು ತಡೆಯುವುದಕ್ಕೆ, ಕುದಿಯುವ ಮಟ್ಟ ಏರಿಸುವುದಕ್ಕೆ. ಅದು ಸಿಗದ ದಿನ, ಮಾಡಿನಿಂದಿಳಿದ ಮೊದಲ ಮಳೆಯನ್ನು ಬಿಟ್ಟು ಆಮೇಲೆ ಚೊಕ್ಕಟವಾಗಿ ಹಿಡಿದು ಸೋಸಿದ ಮಳೆನೀರು ಬೋರ್ ನೀರಿಗಿಂತ ಮೇಲು. ಮಲೆನಾಡಿನಲ್ಲಿ ಅದಕ್ಕಂತೂ ಬರವಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಬಿಡುವಂತಿಲ್ಲ: ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಬಸಿದ ಹಳೆಯ ಕೂಲೆಂಟನ್ನು ಕೊಟ್ಟಿಗೆಯ ಬಳಿ, ನಾಯಿ ದನ ಕರು ನೆಕ್ಕುವಲ್ಲಿ, ಚೆಲ್ಲಲೇಬಾರದು.

ರೇಡಿಯೇಟರ್ ಮುಚ್ಚಳದ ಬಗ್ಗೆ ತೀರ ಕಡಿಮೆ ಜನ ಯೋಚಿಸುತ್ತಾರೆ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸುಮಾರು 600 ಮೀಟರ್ ಎತ್ತರದ ನಮ್ಮ ಊರುಗಳಲ್ಲಿ 98ಕ್ಕೆ. 1343 ಮೀಟರ್ ಎತ್ತರದ ಕೊಡಚಾದ್ರಿಯ ತುದಿಯಲ್ಲಿ 96ಕ್ಕೂ ಕೆಳಗೆ. ಸ್ಪ್ರಿಂಗ್ ಇರುವ ಮುಚ್ಚಳ ಒಳಗೆ ಒತ್ತಡ ಕಟ್ಟಿ ಈ ಮಟ್ಟವನ್ನು ಏರಿಸುತ್ತದೆ. 0.9 ಬಾರ್ ಮುಚ್ಚಳವಾದರೆ ಬರಿಯ ನೀರು ಕೂಡ 118 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ರಬ್ಬರ್ ಸೀಳಿದ, ಸ್ಪ್ರಿಂಗ್ ಸೋತ ಮುಚ್ಚಳ ಈ ಇಪ್ಪತ್ತು ಡಿಗ್ರಿಯ ಅಂತರವನ್ನು ಕಳೆದುಬಿಡುತ್ತದೆ. ಉಳಿದೆಲ್ಲ ಸರಿಯಿದ್ದೂ ನೀರು ಉಕ್ಕುತ್ತದೆ, ಉಕ್ಕಿದ್ದರಿಂದ ಮಟ್ಟ ಇಳಿಯುತ್ತದೆ, ಇಳಿದದ್ದರಿಂದ ನಿಜವಾಗಿಯೂ ಕಾಯುತ್ತದೆ. ಮುಚ್ಚಳ ಬದಲಿಸುವ ಖರ್ಚು ಒಂದು ಹೊತ್ತಿನ ಡೀಸೆಲ್ಲಿಗಿಂತ ಕಡಿಮೆ. ಅದೇ ಅಳತೆಯ ಒತ್ತಡದ್ದನ್ನೇ ಹಾಕಬೇಕು, ಹೆಚ್ಚಿನದಲ್ಲ. ಹಳೆಯ ಹೋಸ್ ಪೈಪುಗಳು ತಾಳುವುದಿಲ್ಲ.

ಥರ್ಮೋಸ್ಟ್ಯಾಟ್ ವಿಚಾರದಲ್ಲಿ ನಮ್ಮ ಗ್ಯಾರೇಜುಗಳ ರೂಢಿಯೊಂದಿಗೆ ನನಗೆ ಜಗಳವಿದೆ. ‘ಕಿತ್ತು ಬಿಸಾಕಿ, ನಮ್ಮ ಕಡೆಗೆ ಬೇಡ’ ಎನ್ನುವವರು ಬಹಳ. ಮೇಣದ ಗುಳಿಗೆಯಿಂದ ಕೆಲಸ ಮಾಡುವ ಈ ಸಣ್ಣ ಕವಾಟ ಹೆಚ್ಚಿನ ಡೀಸೆಲ್ ಇಂಜಿನ್ನುಗಳಲ್ಲಿ 80 ಡಿಗ್ರಿಯ ಆಸುಪಾಸಿನಲ್ಲಿ ತೆರೆಯುತ್ತದೆ. ತೆಗೆದುಹಾಕಿದರೆ ಇಂಜಿನ್ ಸದಾ ತಣ್ಣಗೆ ಓಡಿ, ಉರಿಯದ ಡೀಸೆಲ್ ಆಯಿಲ್ಲಿಗೆ ಸೇರಿ, ಲೈನರ್ ಬೇಗ ಸವೆಯುತ್ತದೆ. ಬೈಪಾಸ್ ದಾರಿ ಇರುವ ಇಂಜಿನ್ನುಗಳಲ್ಲಿ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಒಳಗೊಳಗೇ ಸುತ್ತುವುದರಿಂದ, ಭಾರ ಬಿದ್ದಾಗ ಕುದಿಯುವುದು ಇನ್ನೂ ಹೆಚ್ಚುತ್ತದೆ. ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ: ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಕುದಿ ಬರುವಷ್ಟರಲ್ಲಿ ಬಾಯಿ ಬಿಡಬೇಕು, ತಣಿದಾಗ ಮುಚ್ಚಬೇಕು. ಬಿಡದಿದ್ದರೆ ಹೊಸದು ಹಾಕಿ.

ಮೇಲಿನ ಹೋಸ್, ಕೆಳಗಿನ ಹೋಸ್ ಎರಡರ ಬಿಸಿ ಹೋಲಿಸುವುದು ನನ್ನ ಮಟ್ಟಿಗೆ ಎಲ್ಲ ಪರೀಕ್ಷೆಗಳಿಗಿಂತ ಬೆಲೆಬಾಳುವಂಥದ್ದು. ಮೇಲಿನದು ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ನೀರು ಸುತ್ತುತ್ತಿಲ್ಲ: ಪಂಪ್, ಥರ್ಮೋಸ್ಟ್ಯಾಟ್ ಅಥವಾ ಒಳಗೆ ಕಟ್ಟಿದ ಗಸಿ. ಎರಡೂ ಹೆಚ್ಚುಕಡಿಮೆ ಒಂದೇ ಬಿಸಿಯಿದ್ದರೆ ನೀರು ಸುತ್ತುತ್ತಿದೆ, ಗಾಳಿ ಶಾಖ ಒಯ್ಯುತ್ತಿಲ್ಲ. ಕೈಯಿಂದ ಮುಟ್ಟುವ ಬದಲು ಈಗ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸಿದರೆ ಫ್ಯಾನಿಗೆ ಕೈ ಕೊಡುವ ಅಪಾಯವಿಲ್ಲ. ಅದರಿಂದ ಇನ್ನೊಂದು ಉಪಯೋಗ: ಡ್ಯಾಷ್‌ಬೋರ್ಡಿನ ಮುಳ್ಳು ಸುಳ್ಳು ಹೇಳುತ್ತಿದೆಯೇ ಎಂದು ತಿಳಿಯುವುದು. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ತೋರಿಸುತ್ತದೆ. ನೀರೆಲ್ಲ ಸೋರಿಹೋದಾಗ ಅದೇ ಮುಳ್ಳು ತಣ್ಣಗಿದೆ ಎಂದು ತೋರಿಸಬಹುದು.

ಇಷ್ಟೆಲ್ಲ ನೋಡಿ ಆದಮೇಲೆ ಇಂಜಿನ್ನಿನ ಒಳಗಿನ ಮಾತು. ತಣ್ಣಗಿರುವಾಗ ಮುಚ್ಚಳ ತೆರೆದು ಸ್ಟಾರ್ಟ್ ಮಾಡಿದಾಗ ನೀರಿನಲ್ಲಿ ಬಿಡದೆ ಗುಳ್ಳೆ ಏಳುವುದು, ಹೊರಗೆಲ್ಲೂ ಸೋರದೆ ನೀರು ಕಡಿಮೆಯಾಗುವುದು, ಬಿಸಿಯಾದ ಮೇಲೂ ಬಿಳಿ ಹೊಗೆ, ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆತಂಥ ಆಯಿಲ್, ಇವು ಹೆಡ್ ಗ್ಯಾಸ್ಕೆಟ್ಟಿನ ಕಡೆ ಬೆರಳು ತೋರುತ್ತವೆ. ಕಪ್ಪು ಹೊಗೆ ಇದ್ದರೆ ಡೀಸೆಲ್ ಹೆಚ್ಚಾಗಿ ಸುರಿಯುತ್ತಿದೆ, ಇಲ್ಲವೆ ಏರ್ ಕ್ಲೀನರ್ ಕಟ್ಟಿದೆ, ಇಲ್ಲವೆ ಭಾರ ಹೆಚ್ಚಾಗಿದೆ. ಡೀಸೆಲ್ ಪಂಪಿನ ಟೈಮಿಂಗ್ ತಡವಾದರೂ ಇಂಜಿನ್ ಕಾಯುತ್ತದೆ, ಎಳೆಯುವ ಬಲವೂ ಕುಗ್ಗುತ್ತದೆ. ಭಾರದ ವಿಚಾರದಲ್ಲಿ ಚಾಲಕರ ಪಾಲೂ ಇದೆ. ಆಳ ಕೆಸರಿನಲ್ಲಿ ಮೇಲಿನ ಗೇರಿನಲ್ಲಿ ಮುಕ್ಕಿರಿಸಿ ಓಡಿಸುವುದಕ್ಕಿಂತ ಒಂದು ಗೇರ್ ಇಳಿಸಿ, ಫ್ಯಾನ್ ಚೆನ್ನಾಗಿ ತಿರುಗುವ ವೇಗದಲ್ಲಿ ಇಂಜಿನ್ ಇಡುವುದು ಮೇಲು.

ಕೊಡಚಾದ್ರಿಯ ಜೀಪುಗಳು ಇದಕ್ಕೆ ಒಳ್ಳೆಯ ನಿದರ್ಶನ. ಕಟ್ಟಿನಹೊಳೆಯಿಂದ ಮೇಲೆ ಕಲ್ಲು, ಕೊರಕಲು, ಕೆಸರಿನ ಏರು. ಫೋರ್ ವೀಲ್‌ನಲ್ಲಿ, ಕೆಳಗಿನ ಗೇರಿನಲ್ಲಿ, ಇಂಜಿನ್ ಜೋರಾಗಿ ಜೀಪ್ ನಿಧಾನವಾಗಿ. ಗದ್ದೆಯ ಟ್ರ್ಯಾಕ್ಟರಿನದೇ ಸ್ಥಿತಿ. ಇಂಥ ದಾರಿಯಲ್ಲಿ ಹಳ್ಳ ದಾಟುವಾಗ ಫ್ಯಾನಿನ ರೆಕ್ಕೆ ನೀರಿಗೆ ಸಿಕ್ಕಿ ರೇಡಿಯೇಟರಿಗೆ ಬಡಿಯದಿರಲೆಂದು ಬೆಲ್ಟ್ ಬಿಚ್ಚುವ ಹಳೆಯ ಉಪಾಯವೊಂದಿದೆ. ಆಚೆ ದಡದಲ್ಲಿ ಮರಳಿ ಹಾಕಲು ಮರೆತರೆ ಮುಂದಿನ ಏರಿನಲ್ಲೇ ನೀರು ಉಕ್ಕುತ್ತದೆ.

ನಿಜವಾದ ಎಟಿವಿಯಲ್ಲಿ ಹೆಚ್ಚುವರಿಯಾಗಿ ನೋಡಬೇಕಾದ್ದು ಸ್ವಲ್ಪವೇ. ಸಣ್ಣವು ಗಾಳಿಯಿಂದಲೇ ತಣಿಯುವಂಥವು. ಸಿಲಿಂಡರಿನ ರೆಕ್ಕೆಗಳ ನಡುವೆ ಕೂತ ಕೆಸರು, ಕಡಿಮೆಯಾದ ಆಯಿಲ್, ಈ ಎರಡೇ ಅವುಗಳ ಮುಖ್ಯ ಶತ್ರು. ದೊಡ್ಡವುಗಳಲ್ಲಿ ರೇಡಿಯೇಟರ್ ಮುಂದೆ, ಚಕ್ರಗಳ ನಡುವೆ, ಕೆಸರಿಗೆ ಎದೆಯೊಡ್ಡಿ ಕೂತಿರುತ್ತದೆ. ಬೆಲ್ಟಿನ ಬದಲು ವಿದ್ಯುತ್ ಫ್ಯಾನ್. ಮುಳ್ಳು ಏರಿದರೂ ಫ್ಯಾನಿನ ಸದ್ದು ಬಾರದಿದ್ದರೆ ಫ್ಯೂಸ್, ರಿಲೇ, ಶಾಖ ಗ್ರಹಿಸುವ ಸ್ವಿಚ್, ಕೆಸರು ಹಿಡಿದ ಮೋಟಾರು, ಇದೇ ಅನುಕ್ರಮದಲ್ಲಿ ನೋಡಬೇಕು. ಕೂಲೆಂಟ್ ತುಂಬುವಾಗ ಮುಂಭಾಗ ಎತ್ತರಿಸಿ ಗಾಳಿ ಬಿಡಿಸದಿದ್ದರೆ ಹೊಸ ಕೂಲೆಂಟ್ ಹಾಕಿದ ಮರುದಿನವೇ ಕುದಿಯುತ್ತದೆ.

ಗದ್ದೆಯ ನಡುವೆ ಆವಿ ಎದ್ದ ಆ ಗಳಿಗೆಯಲ್ಲಿ ಏನು ಮಾಡಬೇಕು? ಒಳಗೆ ನೀರು ಇನ್ನೂ ಇದ್ದರೆ ಭಾರ ಕಳಚಿ, ನ್ಯೂಟ್ರಲ್‌ನಲ್ಲಿ ಸ್ವಲ್ಪ ವೇಗದಲ್ಲಿ ಓಡಲು ಬಿಡಿ. ಮುಳ್ಳು ಇಳಿದ ಮೇಲೆ ನಿಲ್ಲಿಸಿ. ನೀರು ಚೆಲ್ಲಿಹೋಗಿದ್ದರೆ, ಬೆಲ್ಟ್ ಹರಿದಿದ್ದರೆ, ಕೂಡಲೇ ಆಫ್ ಮಾಡಿ. ಬಿಸಿಯಿರುವಾಗ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಒತ್ತಡದಲ್ಲಿರುವ 100 ಡಿಗ್ರಿ ಮೀರಿದ ನೀರು ಮುಖಕ್ಕೆ ಚಿಮ್ಮುತ್ತದೆ, ಒದ್ದೆ ಗೋಣಿ ಅದಕ್ಕೆ ತಡೆಯಾಗದು. ಕಾದ ಹೆಡ್ಡಿಗೆ ಹಳ್ಳದ ತಣ್ಣೀರು ಸುರಿದರೆ ಎರಕ ಬಿರಿಯುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಕಬ್ಬಿಣದ ಲೈನರಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಸೀಜ್ ಆಗುವುದು ಅದರಿಂದಲೇ. ಕನಿಷ್ಠ ಅರ್ಧ ಗಂಟೆ ಕಾಯುವುದರಲ್ಲಿ ನಷ್ಟವಿಲ್ಲ, ನಟ್ಟಿಗೆ ಆಳು ಕಾದಿದ್ದರೂ ಸರಿ.

ಸ್ವಂತ ಯಂತ್ರವಿದ್ದವರು ಇಷ್ಟನ್ನು ಹೇಗೋ ನೋಡಿಕೊಂಡಾರು. ನನ್ನ ಕಳವಳ ಬಾಡಿಗೆಯ ಯಂತ್ರಗಳದು. 2014-15ರಿಂದ ಹೋಬಳಿ ಮಟ್ಟದಲ್ಲಿ ಬಂದ ಕೃಷಿ ಯಂತ್ರಧಾರೆ ಕೇಂದ್ರಗಳು ಟ್ರ್ಯಾಕ್ಟರ್ ಕೊಳ್ಳಲಾಗದವರಿಗೂ ಯಂತ್ರ ಸಿಗುವಂತೆ ಮಾಡಿವೆ, ಅದು ದೊಡ್ಡ ಉಪಕಾರ. ಆದರೆ ದಿನಕ್ಕೊಂದು ಗದ್ದೆಗೆ ಹೋಗುವ ಯಂತ್ರ ಯಾವಾಗ ಕಾದಿತು, ಎಷ್ಟು ನೀರು ಕುಡಿಯಿತು ಎಂಬುದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಇಂಥ ಪ್ರತಿ ಯಂತ್ರದ ಸೀಟಿನ ಕೆಳಗೆ ಒಂದು ಪುಸ್ತಕವಿರಲಿ: ದಿನಾಂಕ, ಓಡಿದ ಗಂಟೆ, ಹಾಕಿದ ನೀರು, ಮುಳ್ಳು ಏರಿದ್ದು ಯಾವ ಕೆಲಸದಲ್ಲಿ. ಚಾಲಕರು ಅದನ್ನು ಬರೆಯಲಿ, ಕೇಂದ್ರದವರು ಓದಲಿ. ಕೃಷಿ ಇಲಾಖೆ ಮತ್ತು ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದವರು ಮೇ ತಿಂಗಳು ಮುಗಿಯುವ ಮೊದಲು ಹೋಬಳಿಗೊಂದು ದಿನ ರೇಡಿಯೇಟರ್, ಬೆಲ್ಟ್, ಮುಚ್ಚಳ ತಪಾಸಣೆಯ ಶಿಬಿರ ನಡೆಸಲಿ. ಅಗೆ ಕೀಳುವ ವಾರ ಬಂದ ಮೇಲೆ ಗ್ಯಾರೇಜಿನ ಮುಂದೆ ಸಾಲು ನಿಲ್ಲಲು ಈ ಸೀಮೆಯ ರೈತರಿಗೆ ಪುರುಸೊತ್ತಿರುವುದಿಲ್ಲ.